ಯಂತ್ರಕ್ಕೂ ಸೋಮವಾರ ರಜೆ

ಮೊದಲೇ ಸ್ಪಷ್ಟಪಡಿಸುತ್ತೇನೆ: ಈ ಪ್ರಕರಣದಲ್ಲಿ ಪ್ರಾಣಹಾನಿ ಸಂಭವಿಸಿಲ್ಲ. ಹೋದದ್ದು ನನ್ನ ಮಾನ ಮಾತ್ರ. ಅದರ ನಿಖರ ಅಂದಾಜು ಈ ಬರಹ ಮುಗಿಯುವ ಹೊತ್ತಿಗೂ ಲಭ್ಯವಾಗಿರಲಿಲ್ಲ.

ನಾನು ಬಾಗಲಕೋಟೆಯ ಒಂದು ಪತ್ರಿಕೆಯಲ್ಲಿ ಸುದ್ದಿ ಸಂಪಾದಕ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನ್ನ ಉದ್ಯೋಗ. ಒಂದು ಕಡೆಯ ಮಾತಷ್ಟೇ ಕೇಳಿ ಬರೆದ ಸುದ್ದಿಯನ್ನು ನಾನು ಪುಟಕ್ಕೆ ಬಿಟ್ಟವನಲ್ಲ. "ಎದುರಿನವರು ಏನಂದರು?" ಎಂದು ಕೇಳಿ ಕೇಳಿ ನಮ್ಮ ವರದಿಗಾರರ ಆಯುಷ್ಯ ಕಡಿಮೆ ಮಾಡಿದ ಕೀರ್ತಿ ನನ್ನದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಇದೇ ನನ್ನ ಕಪಾಳಕ್ಕೆ ಬರುತ್ತದೆ.

ಹೆಂಡತಿ ಗಿರಿಜಾಳ ತಮ್ಮ ಮಲ್ಲು ಇಳಕಲ್ಲಿನಲ್ಲಿ ಫೋಟೊ ಸ್ಟುಡಿಯೊ ನಡೆಸುತ್ತಾನೆ. ಮದುವೆಗಳ ಚಿತ್ರೀಕರಣ ಅವನ ಮುಖ್ಯ ವ್ಯವಹಾರ. ಈಗಿನ ಮದುವೆಗಳೋ, ಎರಡು ದಿನ ನಡೆದರೆ ಅದರ ಚಿತ್ರಗಳು ಒಂದು ಕಂಪ್ಯೂಟರನ್ನು ನುಂಗಿ ನೀರು ಕುಡಿಯುತ್ತವೆ. ಹೀಗಾಗಿ ಹುಬ್ಬಳ್ಳಿಯ ಒಂದು ಕಂಪನಿ ಬೇಡವೆಂದು ತೆಗೆದ ಸ್ಟೋರೇಜ್ ಯಂತ್ರವೊಂದನ್ನು ಅವನು ಖರೀದಿಸಿ ತಂದ. ಸಾಲಾಗಿ ಡಿಸ್ಕುಗಳು ಕೂತ ಕಪ್ಪು ಪೆಟ್ಟಿಗೆ. ಚಾಲು ಮಾಡಿದರೆ ಅದರ ಫ್ಯಾನುಗಳು ಬುಸ್ ಎಂದು ಉಸಿರು ಬಿಡುತ್ತವೆ. ಮಲ್ಲುವಿನ ತಾಯಿ, ಅಂದರೆ ನಮ್ಮ ಅತ್ತೆ, ಮೊದಲ ದಿನ ಸ್ಟುಡಿಯೊ ಬಾಗಿಲಲ್ಲಿ ನಿಂತು ಆ ಸದ್ದು ಕೇಳಿ, ಹಣೆಗೆ ವಿಭೂತಿ ಹಚ್ಚುವಂತೆ ಅದಕ್ಕೂ ಮೂರು ಪಟ್ಟಿ ಹಚ್ಚಿ ಒಳಗೆ ಹೋದರು. "ಎತ್ತು ಉಸುರು ಬಿಟ್ಟಂಗ ಬಿಡ್ತದ" ಎಂದರಂತೆ. ಅಂದಿನಿಂದ ಅದರ ಹೆಸರು ಎತ್ತು.

ಎತ್ತಿಗೆ ಒಂದು ಊನವಿತ್ತು. ಅದನ್ನು ನಡೆಸುವ ಸ್ಕ್ರೀನು ಹಳೆಯ ಕಾಲದ್ದು. ಇವತ್ತಿನ ಯಾವ ಬ್ರೌಸರಿನಲ್ಲೂ ಅದು ತೆರೆಯಲಿಲ್ಲ. ಉಳಿದದ್ದು ಒಂದೇ ದಾರಿ. ಎಕ್ಸ್‌ಎಂಎಲ್ ಎಂಬ ಲಿಪಿಯಲ್ಲಿ ಆಜ್ಞೆ ಬರೆದು ನೆಟ್ ಮೂಲಕ ಕಳಿಸಬೇಕು. ಯಂತ್ರ ಅದನ್ನು ಓದಿ, ಕೆಲಸ ಮಾಡಿ, ಅದೇ ಲಿಪಿಯಲ್ಲಿ ಉತ್ತರ ಕೊಡುತ್ತದೆ. ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದು ಗಂಟೆ ಗೊತ್ತು ಮಾಡಿಟ್ಟರೆ ಸ್ಟುಡಿಯೊದ ಕಂಪ್ಯೂಟರ್ ತಾನೇ ಆಯಾ ಹೊತ್ತಿಗೆ ಅವನ್ನು ಕಳಿಸುತ್ತಿರುತ್ತದೆ. ಇದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ.

ಮಲ್ಲು ತಲೆ ಕೆರೆದುಕೊಂಡ. ನಾನು ಮುಗುಳ್ನಕ್ಕೆ.

"ಬರೆಯೋದೇ ತಾನೆ?" ಎಂದೆ.

ಎಕ್ಸ್‌ಎಂಎಲ್‌ನ ವ್ಯಾಕರಣ ಸರಳ. ಪ್ರತಿ ಮಾತನ್ನೂ ಒಂದು ಗುರುತಿನಿಂದ ತೆರೆಯಬೇಕು, ಹೇಳುವುದನ್ನು ಹೇಳಬೇಕು, ಅದೇ ಗುರುತಿನಿಂದ ಮುಚ್ಚಬೇಕು. ನಮ್ಮ ನವನಗರದ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಗಿರಿಜಾಳಿಗೆ ಇದನ್ನು ಉತ್ಸಾಹದಿಂದ ವಿವರಿಸಿದೆ. ಅವಳು ತವೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ತಗದಿದ್ದನ್ನ ಮುಚ್ಚೂದು ಅಂದ್ರಿ? ಲಗ್ನಾದಾಗಿಂದ ನೀವು ಒಂದು ಡಬ್ಬಿ ಮುಚ್ಚಳಾ ಹಾಕಿದ್ದು ನಾ ನೋಡಿಲ್ಲ."

ನಾನು ಈ ಪ್ರತಿಕ್ರಿಯೆಯನ್ನು ಪ್ರಕಟಣೆಗೆ ಯೋಗ್ಯವಲ್ಲ ಎಂದು ಬದಿಗಿಟ್ಟೆ.

ಯಂತ್ರ ಜೋಡಿಸಲು ಹುಬ್ಬಳ್ಳಿಯಿಂದ ಬಂದವರು ಎರಡು ಲಾಗಿನ್ ಮಾಡಿಕೊಟ್ಟು ಹೋಗಿದ್ದರು. ಒಂದನ್ನು ಮಲ್ಲು ಇಟ್ಟುಕೊಂಡ. ಇನ್ನೊಂದನ್ನು ನನಗೆ ಕೊಡುತ್ತ, "ಮಾಮಾರ, ಇದು ನಿಮ್ಮದ ಸ್ಪೆಷಲ್" ಎಂದ. ಸ್ಪೆಷಲ್ ಎಂಬ ಮಾತಿಗೆ ನಾನು ಬೀಗಿದೆ. ಯಾಕೆ ಸ್ಪೆಷಲ್ ಎಂದು ಕೇಳಬೇಕಿತ್ತು. ವರದಿಗಾರರನ್ನಾಗಿದ್ದರೆ ಕೇಳುತ್ತಿದ್ದೆ.

ಮೊದಲ ಕೆಲಸ, ಯಂತ್ರದೊಳಗೆ ವಿಭಾಗಗಳನ್ನು ಮಾಡುವುದು. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಅವಕ್ಕೆ ವಾಲ್ಯೂಮ್ ಎಂದಿತ್ತು. ಮಲ್ಲು ಅವಕ್ಕೆ ಹಗೇವು ಎಂದ. ಕಾಳು ತುಂಬಿಡಲು ನಮ್ಮ ಕಡೆ ನೆಲದಲ್ಲಿ ತೋಡುತ್ತಿದ್ದ ಹಗೇವಿನಂತೆಯೇ ಇದೂ: ತುಂಬಬೇಕು, ಬಾಯಿ ಮುಚ್ಚಬೇಕು, ಬೇಕಾದಾಗ ತೆಗೆಯಬೇಕು. ಒಳ್ಳೆಯ ಹೆಸರು. ಮದುವೆಗಳಿಗಾಗಿ ಒಂದು ದೊಡ್ಡ ಹಗೇವು ತೋಡಲು ನಾನು ಬಾಗಲಕೋಟೆಯಲ್ಲೇ ಕೂತು ಆಜ್ಞೆ ಕಳಿಸಿದೆ.

ಗಾತ್ರ ಹೇಳುವಾಗ ಒಂದು ಅಳತೆಯ ಬದಲು ಇನ್ನೊಂದು ಬರೆದಿದ್ದೆ. ಹಗೇವು ಆಯಿತು. ಅದರೊಳಗೆ ವಧುವಿನ ಒಂದು ಫೋಟೊ ಹಿಡಿಯುತ್ತಿತ್ತು. ವರನಿಗೆ ಜಾಗವಿರಲಿಲ್ಲ!

ಮತ್ತೆ ಕಳಿಸಿದೆ. ಮತ್ತೊಂದು ಸಣ್ಣ ಹಗೇವು. ಹೀಗೆ ಸರಿಯಾದದ್ದು ಸಿಗುವ ಹೊತ್ತಿಗೆ ಎತ್ತಿನ ಹೊಟ್ಟೆಯಲ್ಲಿ ಇಲಿಬಿಲಗಳಂತೆ ಹತ್ತಾರು ನಿರುಪಯೋಗಿ ಹಗೇವುಗಳು ಆಗಿದ್ದವು. ಪತ್ರಿಕೆಯ ರೂಢಿಯಂತೆ ಅವಕ್ಕೆ ಪ್ರಯೋಗ, ಪ್ರಯೋಗ ಹೊಸದು, ಪ್ರಯೋಗ ಅಂತಿಮ, ಅಂತಿಮ ಪರಿಷ್ಕೃತ ಎಂದೆಲ್ಲ ಹೆಸರಿಟ್ಟಿದ್ದೆ. ನನ್ನ ವೈಫಲ್ಯದ ಇತಿಹಾಸ ಹೀಗೆ ಮಲ್ಲುವಿನ ಕಣ್ಣಿಗೆ ಬೀಳುವುದು ಸರಿಕಾಣಲಿಲ್ಲ. ಅವನ್ನೆಲ್ಲ ಮುಚ್ಚಿದೆ. ನಂತರ ನನ್ನ ಲಾಗಿನ್ನಿನಲ್ಲೇ ಓಡುವ ಒಂದು ಸ್ಕ್ರಿಪ್ಟ್ ಬರೆದೆ: ಪ್ರತಿ ಸಂಜೆ ಯಂತ್ರದೊಳಗೆ ಮುಚ್ಚಿರುವ ಹಗೇವು ಯಾವುದೇ ಕಂಡರೂ ಅದನ್ನು ಅಳಿಸಿಹಾಕು. ಬೇಕಾದದ್ದು ತೆರೆದಿರುತ್ತದೆ, ಬೇಡವಾದದ್ದು ಮುಚ್ಚಿರುತ್ತದೆ. ಇಷ್ಟು ಸ್ವಚ್ಛವಾದ ತರ್ಕ ನನ್ನಿಂದ ಹಿಂದೆಂದೂ ಹೊಮ್ಮಿರಲಿಲ್ಲ.

ಆ ಸ್ಕ್ರಿಪ್ಟಿಗೆ ಕಸಬರಿಗೆ ಎಂದು ಹೆಸರಿಟ್ಟೆ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಕಸ ಗುಡಿಸುವುದಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ. ಆದ್ದರಿಂದ ದೀಪ ಹಚ್ಚುವ ಹೊತ್ತಿಗಿಂತ ಸ್ವಲ್ಪ ಮೊದಲೇ ಕಸಬರಿಗೆ ಓಡುವಂತೆ ಸಮಯ ಗೊತ್ತು ಮಾಡಿದೆ. ಶಾಸ್ತ್ರ, ತಂತ್ರಜ್ಞಾನ ಎರಡಕ್ಕೂ ನ್ಯಾಯ ಸಂದಿತು.

ಒಂದು ಸಣ್ಣ ಸೌಕರ್ಯವನ್ನೂ ಮಾಡಿಕೊಂಡೆ. ಪ್ರತಿ ಆಜ್ಞೆಗೂ ಯಂತ್ರ ಉದ್ದುದ್ದ ಉತ್ತರ ಕೊಡುತ್ತಿತ್ತು. ಅದನ್ನೆಲ್ಲ ಓದುತ್ತ ಕೂರುವವರು ಯಾರು? ಉತ್ತರ ಬಂದಕೂಡಲೇ ಎಸೆದುಬಿಡು ಎಂದು ಸ್ಕ್ರಿಪ್ಟಿನಲ್ಲೇ ಬರೆದೆ.

ಇದೇ ಹೊತ್ತಿಗೆ ಮಹಾಕೂಟದಲ್ಲಿ ವಿದ್ಯಾಳ ಮದುವೆಯಾಯಿತು. ವಿದ್ಯಾ ನಮ್ಮ ಅತ್ತೆಯ ಅಕ್ಕ ಗಂಗವ್ವನವರ ಮೊಮ್ಮಗಳು. ಗಂಗವ್ವ ಹುನಗುಂದದವರು. ಗಿರಿಜಾಳಿಗೂ ಮಲ್ಲುವಿಗೂ ದೊಡ್ಡವ್ವ, ಹಾಗಾಗಿ ನನಗೂ ದೊಡ್ಡವ್ವ. ಮೊಮ್ಮಗಳನ್ನು ಎತ್ತಿ ಆಡಿಸಿ ಬೆಳೆಸಿದವರು, ಗಂಡು ನೋಡಿದವರು, ಸೀರೆ ಆರಿಸಿದವರು ಅವರೇ. ಮದುವೆಯ ವಾರ ಬಚ್ಚಲಲ್ಲಿ ಕಾಲು ಜಾರಿ ಸೊಂಟದ ಎಲುಬು ಮುರಿಯಿತು. ಮಹಾಕೂಟದ ಹೊಂಡದ ನೀರು ಮೈಮೇಲೆ ಬೀಳಬೇಕಾದವರು ದವಾಖಾನೆಯಲ್ಲಿ ಮಲಗಿದರು. ಲಗ್ನ ಮುಂದೂಡುವ ಮಾತು ಬಂದಾಗ ಅವರೇ ಗದರಿದರು. ಒಂದೇ ಷರತ್ತು ಹಾಕಿದರು.

"ನನಗ ಯಾರೂ ಫೋನಿನ್ಯಾಗ ತುಣುಕು ತುಣುಕು ತೋರಸಬ್ಯಾಡ್ರಿ. ಹಿಂಗಾತು ಹಂಗಾತು ಅಂತ ಹೇಳಲೂಬ್ಯಾಡ್ರಿ. ಮಲ್ಲು ಪೂರಾ ತಗೀಲಿ. ಮನಿಗಿ ಬಂದ ಮ್ಯಾಲೆ ಎಲ್ಲಾರನೂ ಕೂಡಿಸಿಕೊಂಡು, ಲಗ್ನಕ್ಕ ಬಂದಂಗ ಬಂದು ಕುಂತು ನೋಡ್ತೇನಿ."

ಎಲ್ಲರೂ ಮಾತು ಉಳಿಸಿಕೊಂಡರು. ಮದುವೆಯಾಗಿ ತಿಂಗಳಾದರೂ ವರನ ಮುಖ ಪೇಟದಲ್ಲಿ ಹೇಗೆ ಕಂಡಿತು ಎಂದು ಕೂಡ ದೊಡ್ಡವ್ವನಿಗೆ ಯಾರೂ ಹೇಳಿರಲಿಲ್ಲ. ಚಿತ್ರ ಮಾತ್ರ ಎತ್ತಿನ ದೊಡ್ಡ ಹಗೇವಿನಲ್ಲಿ, ಆ ಸುಗ್ಗಿಯ ಇತರ ಮದುವೆಗಳ ಜೊತೆ ಭದ್ರವಾಗಿತ್ತು. ಕ್ಯಾಮೆರಾದ ಕಾರ್ಡುಗಳನ್ನು ಮಲ್ಲು ಮುಂದಿನ ಮದುವೆಗೆ ಖಾಲಿ ಮಾಡಿಕೊಂಡಿದ್ದ. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ದೊಡ್ಡವ್ವ ಮನೆಗೆ ಬಂದರು. ಪ್ರದರ್ಶನಕ್ಕೆ ಸೋಮವಾರ ಗೊತ್ತಾಯಿತು. ಅವರ ಮನೆತನ ಒಕ್ಕಲುತನದ್ದು. ಬಸವಣ್ಣನ ವಾರ ಎಂದು ಸೋಮವಾರ ಅವರಲ್ಲಿ ಎತ್ತು ಹೂಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಆ ರೂಢಿ ಬಿಟ್ಟಿಲ್ಲ. ಅಂದು ಗಂಡಸರೆಲ್ಲ ಮನೆಯಲ್ಲಿ ಸಿಗುತ್ತಾರೆ.

ಅದೇ ವಾರ ನಾನು ಇಳಕಲ್ಲಿಗೆ ಹೋದಾಗ ಅತ್ತೆ ಚಹದ ಕಪ್ಪು ಕೈಗಿಡುತ್ತ ಒಂದು ಮನವಿ ಸಲ್ಲಿಸಿದ್ದರು. ಎತ್ತು ಎಂದು ಹೆಸರಿಟ್ಟು, ವಿಭೂತಿ ಹಚ್ಚಿ, ಅದನ್ನು ಸೋಮವಾರವೂ ದುಡಿಸುವುದು ಅವರ ಮನಸ್ಸಿಗೆ ಸರಿಬರುತ್ತಿರಲಿಲ್ಲ. ಮಗ ಕೇಳುವುದಿಲ್ಲ, ಅಳಿಯಂದಿರು ದೊಡ್ಡ ಮನಸ್ಸು ಮಾಡಬೇಕು. ಅತ್ತೆಯ ಮನವಿ ತಳ್ಳಿಹಾಕಿದ ಅಳಿಯ ಈ ಜಿಲ್ಲೆಯಲ್ಲಿ ನೆಮ್ಮದಿಯಿಂದ ಬಾಳಿದ್ದನ್ನು ನಾನು ಕಂಡಿಲ್ಲ. ಅಲ್ಲೇ ಕೂತು ಹೊಸ ಸ್ಕ್ರಿಪ್ಟ್ ಬರೆದೆ: ಸೋಮವಾರ ಬೆಳಿಗ್ಗೆ ಎಲ್ಲ ಹಗೇವುಗಳ ಬಾಯಿ ಮುಚ್ಚು, ಮಂಗಳವಾರ ತೆರೆ. ಮಲ್ಲು ಕದ್ದು ತೆರೆದು ದುಡಿಸಬಾರದಲ್ಲ? ಅದಕ್ಕೆ ಸೋಮವಾರ ಪ್ರತಿ ಗಂಟೆಗೊಮ್ಮೆ ಬಂದು ಮತ್ತೆ ಮುಚ್ಚು ಎಂದೂ ಸೇರಿಸಿದೆ. ಅತ್ತೆ ಸಂತೋಷದಿಂದ ಎರಡನೇ ಕಪ್ಪು ಕೊಟ್ಟರು.

ಓದುಗರು ಈಗಾಗಲೇ ತಲೆಯ ಮೇಲೆ ಕೈ ಇಟ್ಟಿರಬಹುದು. ನಾನು ಇಟ್ಟಿರಲಿಲ್ಲ. ಎರಡೂ ಸುದ್ದಿ ನನ್ನ ಮೇಜಿಗೇ ಬಂದಿದ್ದವು. ಎರಡನ್ನೂ ಬೇರೆ ಬೇರೆ ಪುಟಕ್ಕೆ ಹಾಕಿದ್ದೆ.

ಮಲ್ಲು ಚಿತ್ರವನ್ನು ಪೆನ್ ಡ್ರೈವಿನಲ್ಲಿ ತರುತ್ತೇನೆ ಎಂದ. ನಾನು ಬಿಡಲಿಲ್ಲ. ಇಳಕಲ್ಲಿನ ಹಗೇವಿನಿಂದ ಹುನಗುಂದದ ಟಿವಿಗೆ ನೆಟ್ಟಗೆ ತೋರಿಸುವ ಶಕ್ತಿ ನಮ್ಮ ಕೈಯಲ್ಲಿರುವಾಗ ಪೆನ್ ಡ್ರೈವ್ ಯಾಕೆ? ನನ್ನ ಲ್ಯಾಪ್‌ಟಾಪ್ ಟಿವಿಗೆ ಜೋಡಿಸಿದರೆ ಮುಗಿಯಿತು. ಮಲ್ಲು ಸ್ಟುಡಿಯೊಗೆ ಬೀಗ ಹಾಕಿ, ಅತ್ತೆಯನ್ನು ಕರೆದುಕೊಂಡು ಹುನಗುಂದಕ್ಕೆ ಬಂದ. ನಾನೂ ಗಿರಿಜಾಳೂ ಬಾಗಲಕೋಟೆಯಿಂದ ಬಂದೆವು.

ದೊಡ್ಡವ್ವನ ಪಡಸಾಲೆ ತುಂಬಿತ್ತು. ಗಿರಮಿಟ್ಟು, ಮಿರ್ಚಿ ಭಜಿ ಓಡಾಡುತ್ತಿದ್ದವು. ಮಂಚದ ತಲೆಕಡೆ ದಿಂಬು ಏರಿಸಿ ದೊಡ್ಡವ್ವನನ್ನು ಕೂರಿಸಿದ್ದರು. ಮದುವೆಗೆಂದು ನೇಯಿಸಿದ್ದ ಇಳಕಲ್ ಸೀರೆಯ ಮಡಿಕೆ ಬಿಚ್ಚಿ ಅಂದೇ ಉಟ್ಟಿದ್ದರು. ಕೆಂಪು ಸೆರಗು ತಲೆ ಮೇಲಿತ್ತು. ಬಲಗೈ ಮುಷ್ಟಿ ಬಿಗಿದಿತ್ತು. ಏನೆಂದು ಕೇಳಿದೆ.

"ಅಕ್ಕಿಕಾಳ್ರಿ. ಎಲ್ಲಾರೂ ಹಾಕ್ಯಾರಂತ. ನಂದೊಂದ ಬಾಕಿ ಅದ."

ತಾಳಿ ಕಟ್ಟುವಾಗ ಮೊಮ್ಮಗಳ ಮೇಲೆ ಹಾಕಬೇಕಿದ್ದ ಕಾಳು. ಟಿವಿಯಲ್ಲಿ ಆ ಗಳಿಗೆ ಬಂದಾಗ ಟಿವಿಯ ಮೇಲೇ ಹಾಕುವುದು ಎಂದು ಅವರು ತೀರ್ಮಾನಿಸಿದ್ದರು. ಪಕ್ಕದಲ್ಲಿ ಕೂತಿದ್ದ ವಿದ್ಯಾ ತಲೆ ತಗ್ಗಿಸಿದಳು. ನಾನು ನೆರೆದವರನ್ನು ಒಮ್ಮೆ ನೋಡಿ, ಗುಂಡಿ ಒತ್ತಿದೆ.

ಟಿವಿಯ ಮೇಲೆ ಕಪ್ಪು ತೆರೆ ಬಂತು. ಹಗೇವು ಸಿಗುತ್ತಿಲ್ಲ ಎಂಬರ್ಥದ ಒಂದು ಸಾಲು ಬಂತು.

ಆ ಕ್ಷಣದಲ್ಲಿ ಎರಡೂ ಪುಟಗಳು ನನ್ನ ತಲೆಯೊಳಗೆ ಒಂದರ ಪಕ್ಕ ಒಂದು ತೆರೆದುಕೊಂಡವು. ಎತ್ತು ಹೂಡದ ದಿನವೆಂದು ಜನ ಸೇರಿದ್ದಾರೆ. ಎತ್ತು ಹೂಡದ ದಿನವೆಂದು ಎತ್ತೂ ಮಲಗಿದೆ! ಅತ್ತೆಯ ಕಡೆ ನೋಡಿದೆ. ಅವರು ತೃಪ್ತಿಯಿಂದ ಭಜಿ ತಿನ್ನುತ್ತಿದ್ದರು.

ಗಾಬರಿಯಾಗಲಿಲ್ಲ. ಪತ್ರಿಕೆಯವರಿಗೆ ಅದು ಬರುವುದಿಲ್ಲ. ಸಣ್ಣ ತಾಂತ್ರಿಕ ಅಡಚಣೆ ಎಂದು ಪ್ರಕಟಿಸಿ, ಹಗೇವು ತೆರೆಯುವ ಆಜ್ಞೆ ಕಳಿಸಿದೆ. ತೆರೆಯಿತು. ಟಿವಿಯಲ್ಲಿ ಅರಿಶಿಣದ ಶಾಸ್ತ್ರ ಶುರುವಾಯಿತು. ದೊಡ್ಡವ್ವ ಒಬ್ಬೊಬ್ಬರನ್ನೇ ಗುರುತಿಸುತ್ತ, ಯಾರು ಬಂದಿಲ್ಲ ಎಂಬುದನ್ನೂ ಗಮನಿಸುತ್ತ ನೋಡಿದರು. ಸುಖವಾಗಿ ಸಾಗಿತ್ತು. ವರ ಮಹಾಕೂಟದ ಬಾಗಿಲಿಗೆ ಬಂದು ಒಂದು ಕಾಲು ಎತ್ತಿದ. ಟಿವಿ ಕಪ್ಪಾಯಿತು.

ನೆಟ್ ಕೈಕೊಟ್ಟಿತು ಎಂದುಕೊಂಡು ಮತ್ತೆ ತೆರೆದೆ. ಮಧ್ಯದಿಂದ ಓಡಿಸಲು ಹೋದರೆ ಚಿತ್ರ ಸುಸ್ತಾಗಿ ನಿಲ್ಲುತ್ತಿತ್ತು. ಮೊದಲಿನಿಂದಲೇ ಬಿಡಬೇಕಾಯಿತು. ಮತ್ತೆ ಅರಿಶಿಣ. ಹಿಂದೆ ಗೋಡೆಗೆ ಆನಿಕೊಂಡಿದ್ದವರೊಬ್ಬರು ಹುಡುಗಿಗೆ ಎರಡು ಸಲ ಅರಿಶಿಣ ಹಚ್ಚಿದರೇ ಎಂದು ವಿಚಾರಿಸಿದರು. ಈ ಸಲ ವರ ಒಳಗೆ ಬಂದ. ಅಂತರಪಟ ಹಿಡಿದರು. ಎಲ್ಲರ ಕೈ ಮೇಲೆದ್ದಿತು. ದೊಡ್ಡವ್ವನ ಮುಷ್ಟಿಯೂ ಎದ್ದಿತು. ಒಳಗಿನ ಕೋಣೆಯ ಗೋಡೆ ಗಡಿಯಾರ ಐದು ಹೊಡೆಯಿತು. ಟಿವಿ ಕಪ್ಪಾಯಿತು.

ಆಗ ಅರ್ಥವಾಯಿತು. ಗಂಟೆಗೊಮ್ಮೆ ಬಂದು ಮುಚ್ಚು ಎಂದು ಬರೆದವನು ನಾನೇ. ಸ್ಕ್ರಿಪ್ಟ್ ನಿಷ್ಠೆಯಿಂದ ಕೆಲಸ ಮಾಡುತ್ತಿತ್ತು. ಅಕ್ಕಿಕಾಳು ಬೀಳುವ ಗಳಿಗೆಯೋ, ಚಿತ್ರ ಶುರುವಾಗಿ ಹೆಚ್ಚುಕಮ್ಮಿ ಒಂದು ಗಂಟೆಗೆ ಬರುತ್ತಿತ್ತು. ಹೀಗೇ ನಡೆದರೆ ಮಂಗಳವಾರದವರೆಗೂ ವಿದ್ಯಾಳಿಗೆ ಮದುವೆಯಾಗುವಂತಿರಲಿಲ್ಲ.

ದೊಡ್ಡವ್ವ ಎತ್ತಿದ ಮುಷ್ಟಿ ಇಳಿಸಿದರು. ಬಿಚ್ಚಲಿಲ್ಲ.

ಇಳಕಲ್ಲಿಗೆ ಹೋಗಿ ಸ್ಟುಡಿಯೊದ ಕಂಪ್ಯೂಟರ್ ಬಂದ್ ಮಾಡಿದರೆ ಸ್ಕ್ರಿಪ್ಟ್ ನಿಲ್ಲುತ್ತದೆ ಎಂದು ಮಲ್ಲುವಿಗೆ ಹೇಳಿದೆ. ಅವನು ಬೈಕ್ ಹತ್ತಿದ. ಅವನು ಓಣಿ ದಾಟುವ ಹೊತ್ತಿಗೆ ಕರೆಂಟ್ ಹೋಯಿತು. ಜೊತೆಗೆ ಮೊಬೈಲಿನ ನೆಟ್ಟೂ ಹೋಯಿತು. ಮಾತು ಮಾತ್ರ ಬಿಟ್ಟು ಬಿಟ್ಟು ಬರುತ್ತಿತ್ತು. ಎಲ್ಲರೂ ಭಜಿಯ ಕಡೆ ತಿರುಗಿದರು.

ನಾನೂ ಒಂದು ಭಜಿ ತೆಗೆದುಕೊಂಡೆ. ಬಾಯಿಗಿಡುವಾಗ ಕಿಟಕಿಯಾಚೆ ಹೊತ್ತು ಇಳಿದದ್ದು ಕಂಡಿತು. ದೊಡ್ಡವ್ವನ ಸೊಸೆ ಮೂಲೆಯಿಂದ ಕಸಬರಿಗೆ ಎತ್ತಿಕೊಂಡು, ದೀಪ ಹಚ್ಚುವ ಮೊದಲು ಅಂಗಳ ಗುಡಿಸಲು ಹೊರಟಳು.

ಕಸಬರಿಗೆ.

ಭಜಿ ಕೈಯಲ್ಲೇ ಉಳಿಯಿತು. ಮುಚ್ಚಿದ ಹಗೇವು ಯಾವುದೇ ಕಂಡರೂ ಅಳಿಸಿಹಾಕು! ಈಗ ಎಲ್ಲ ಹಗೇವುಗಳೂ ಮುಚ್ಚಿದ್ದವು. ದೀಪದ ಹೊತ್ತಿಗೆ ಮೊದಲು ನನ್ನ ಕಸಬರಿಗೆ ಎದ್ದು ವಿದ್ಯಾಳ ಮದುವೆಯನ್ನೂ, ಆ ಸುಗ್ಗಿಯ ಎಲ್ಲ ಮದುವೆಗಳನ್ನೂ, ಮಲ್ಲುವಿನ ಹೆಸರನ್ನೂ ಗುಡಿಸಿ ಹಾಕಲಿತ್ತು. ತಡೆಯಬೇಕೆಂದರೆ ಹಗೇವು ತೆರೆಯಬೇಕು. ತೆರೆಯಲು ನೆಟ್ ಇಲ್ಲ.

ಮಲ್ಲುವಿಗೆ ಫೋನ್ ಹಚ್ಚಿದೆ. ಹತ್ತಾರು ಸಲದ ನಂತರ ಸಿಕ್ಕ. ಅವನು ಸ್ಟುಡಿಯೊ ಬಾಗಿಲಲ್ಲೇ ಇದ್ದ. ನನಗೆ ಜೀವ ಬಂತು.

"ಮಾಮಾರ, ಕೀಲಿಕೈ ಟಿವಿ ಮ್ಯಾಲ ಬಿಟ್ಟು ಬಂದೇನಿ ನೋಡ್ರಿ" ಎಂದ.

ಜೀವ ಹೋಯಿತು. ಕೀಲಿಗೊಂಚಲು ಟಿವಿಯ ಮೇಲೆ ಆರಾಮವಾಗಿ ಕೂತಿತ್ತು. ಗಿರಿಜಾ ಅದನ್ನು ಕಸಿದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಇಳಕಲ್ ಕಡೆಗೆ ಹೊರಟ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅಲ್ಲಿ ಸ್ಟ್ಯಾಂಡಿನಲ್ಲಿ ತಮ್ಮ ನಿಂತಿರುತ್ತಾನೆ, ಕೆಂಪು ಅಂಗಿ ಎಂದು ಹೇಳಿ ಬಂದಳು. ಊಟದ ಡಬ್ಬಿಯಿಂದ ಮದುವೆಯ ಕಾರ್ಡಿನವರೆಗೆ ನಮ್ಮ ಕಡೆ ಎಲ್ಲವೂ ಹೀಗೇ ಸಾಗುತ್ತವೆ, ತಲುಪುತ್ತವೆ. ಆದರೆ ಬಸ್ಸು ತಲುಪುವ ಹೊತ್ತಿಗೆ ದೀಪದ ಹೊತ್ತು ಮೀರುತ್ತದೆ ಎಂಬ ಲೆಕ್ಕ ನನಗಿತ್ತು.

ಹೇಳದೆ ವಿಧಿಯಿರಲಿಲ್ಲ. ಎದ್ದು ನಿಂತೆ. ಕಸಬರಿಗೆಯ ವಿಷಯವನ್ನು ಆದಷ್ಟು ಕಡಿಮೆ ಮಾತಿನಲ್ಲಿ ವಿವರಿಸಿದೆ. ದೀಪ ಹಚ್ಚುವ ಹೊತ್ತಿಗೆ ಮೊದಲು ಅದು ಓಡುತ್ತದೆ, ಓಡಿದರೆ ಲಗ್ನದ ಚಿತ್ರ ಉಳಿಯುವುದಿಲ್ಲ, ತಪ್ಪು ನನ್ನದು ಎಂದೆ. ವಿದ್ಯಾ ಅಜ್ಜಿಯ ಮುಷ್ಟಿಯ ಮೇಲೆ ತನ್ನ ಕೈ ಇಟ್ಟಳು.

ದೊಡ್ಡವ್ವ ಸೊಸೆಯನ್ನು ಕರೆದರು.

"ಇವತ್ತ ದೀಪಾ ಹಚ್ಚಬ್ಯಾಡ. ಹಚ್ಚಿದ್ರಲ್ಲ ಹೊತ್ತಾಗೂದು?"

ಯಂತ್ರ ನಮ್ಮ ದೀಪ ನೋಡುವುದಿಲ್ಲ, ಗಡಿಯಾರ ನೋಡುತ್ತದೆ ಎಂದು ನಾನು ವಿವರಿಸಲು ಹೋದೆ. ಅವರು ಕೈಯಿಂದ ಸುಮ್ಮನಿರಿಸಿದರು. ಅಳಿಯಂದಿರ ಉಪಾಯಗಳನ್ನು ಮಧ್ಯಾಹ್ನದಿಂದ ನೋಡಿಯಾಗಿದೆ, ಇನ್ನು ತಮ್ಮದೊಂದು ನಡೆಯಲಿ ಎಂಬ ಭಾವ ಆ ಕೈಯಲ್ಲಿತ್ತು.

ಹೀಗೆ ಕರೆಂಟೂ ಇಲ್ಲದ, ದೀಪವೂ ಇಲ್ಲದ ಪಡಸಾಲೆಯಲ್ಲಿ ಇಡೀ ಬಳಗ ಕೂತಿತು. ಕತ್ತಲು ನಿಧಾನವಾಗಿ ಒಳಗೆ ಬಂದು ನಮ್ಮ ನಡುವೆ ಜಾಗ ಹಿಡಿಯಿತು. ಬೆಳಕೆಂದರೆ ನನ್ನ ಲ್ಯಾಪ್‌ಟಾಪಿನದು. ಅದು ನನ್ನ ಮುಖದ ಮೇಲಷ್ಟೇ ಬೀಳುತ್ತಿತ್ತು. ಅಪರಾಧಿಯನ್ನು ಗುರುತಿಸಲು ಯಾರಿಗೂ ಕಷ್ಟವಾಗಲಿಲ್ಲ. ಲ್ಯಾಪ್‌ಟಾಪಿನ ಮೂಲೆಯಲ್ಲಿ ಗಡಿಯಾರ ಕಸಬರಿಗೆಯ ಹೊತ್ತನ್ನು ಮುಟ್ಟಿತು. ದಾಟಿತು.

ಕರೆಂಟ್ ಬಂದಾಗ ನನ್ನನ್ನು ಬಿಟ್ಟು ಎಲ್ಲರೂ ಹೋ ಎಂದರು. ಹಿಂದೆಯೇ ನೆಟ್ ಬಂತು. ಅಳಿದ ನಂತರ ಎಷ್ಟು ಉಳಿದಿದೆ ನೋಡೋಣ ಎಂದು ಹಗೇವುಗಳ ಪಟ್ಟಿ ಕೇಳಿ ಆಜ್ಞೆ ಕಳಿಸಿದೆ. ಈ ಸಲ ಉತ್ತರ ಎಸೆಯಲು ಸ್ಕ್ರಿಪ್ಟ್ ಇರಲಿಲ್ಲ. ನನ್ನ ಕೈಯಿಂದ ಕಳಿಸಿದ್ದಕ್ಕೆ ನನ್ನ ಕಣ್ಣೆದುರೇ ಉತ್ತರ ಬಂತು.

ಎಲ್ಲವೂ ಇದ್ದವು. ಮದುವೆಗಳ ದೊಡ್ಡ ಹಗೇವು ಇತ್ತು. ಅದಷ್ಟೇ ಅಲ್ಲ, ಪ್ರಯೋಗ ಇತ್ತು, ಪ್ರಯೋಗ ಹೊಸದು ಇತ್ತು, ಪ್ರಯೋಗ ಅಂತಿಮ ಇತ್ತು, ಅಂತಿಮ ಪರಿಷ್ಕೃತವೂ ಇತ್ತು. ವಾರಗಳ ಹಿಂದೆ ಗುಡಿಸಿ ಹಾಕಿದೆ ಎಂದುಕೊಂಡಿದ್ದ ನನ್ನ ಇಡೀ ವೈಫಲ್ಯ ಒಂದೂ ಕೂದಲು ಕೊಂಕದೆ ಸಾಲಾಗಿ ನಿಂತಿತ್ತು.

ನಂಬಿಕೆಯಾಗಲಿಲ್ಲ. ಪ್ರಯೋಗ ಎಂಬ ಹಗೇವನ್ನು ಅಳಿಸು ಎಂದು ಕೈಯಾರೆ ಆಜ್ಞೆ ಕಳಿಸಿದೆ. ಯಂತ್ರ ಉತ್ತರ ಕೊಟ್ಟಿತು. ಎಕ್ಸ್‌ಎಂಎಲ್‌ನ ಗುರುತುಗಳನ್ನೆಲ್ಲ ಬಿಟ್ಟರೆ ಅದರ ಸಾರ ಹೀಗಿತ್ತು: ಆಜ್ಞೆ ವಿಫಲ. ಕಾರಣ: ಈ ಬಳಕೆದಾರನಿಗೆ ಅಳಿಸುವ ಅಧಿಕಾರವಿಲ್ಲ.

ಪ್ರತಿ ಸಂಜೆ ಯಂತ್ರ ಇದನ್ನೇ ಹೇಳುತ್ತ ಬಂದಿತ್ತು. ನಾನು ಪ್ರತಿ ಸಂಜೆ ಓದದೆ ಎಸೆಯುತ್ತ ಬಂದಿದ್ದೆ. ಎದುರಿನವರು ಏನಂದರು ಎಂದು ಜಿಲ್ಲೆಗೆಲ್ಲ ಪಾಠ ಹೇಳುವವನು ಒಂದು ದಿನವೂ ಎದುರಿನವರ ಮಾತು ಕೇಳಿರಲಿಲ್ಲ!

"ಅಧಿಕಾರ ಇಲ್ಲಂತ" ಎಂದೆ ಗಿರಿಜಾಳಿಗೆ.

"ಹೂಂ. ನಾನ ಹೇಳಿದ್ದೆ ಮಲ್ಲುಗ. ಅವರಿಗಿ ಎಲ್ಲಾ ಕೊಡು, ಅಳಸೂದೊಂದು ಕೊಡಬ್ಯಾಡಂತ."

"ನನಗ್ಯಾಕ ಹೇಳಲಿಲ್ಲ?"

"ನನ್ನ ಫೋನು ಸ್ವಚ್ಛ ಮಾಡಿಕೊಡ್ತೇನಿ ಅಂತ ಕುಂತಿದ್ರಲ್ಲ, ಆ ದಿನಾ ನೆನಪದ ಏನ್ರಿ? ಆಮ್ಯಾಲ ಊರಮಂದಿ ನಂಬರ್ ಎಲ್ಲಾ ನಾ ಹೊಸದಾಗಿ ಕೇಳಿ ಬರಕೊಂಡೆ."

ನೆನಪಿತ್ತು. ಪ್ರತಿಕ್ರಿಯೆಗೆ ಲಭ್ಯನಿರಲಿಲ್ಲ.

ಅಷ್ಟರಲ್ಲಿ ಮಲ್ಲುವಿನ ಫೋನ್ ಬಂತು. ಬಸ್ಸು ಬಂದಿತ್ತು, ಕೀಲಿಕೈ ಸಿಕ್ಕಿತ್ತು, ಕಂಪ್ಯೂಟರ್ ಬಂದ್ ಆಗಿತ್ತು. ಇನ್ನು ಗಂಟೆಗೊಮ್ಮೆ ಬಾಗಿಲು ಹಾಕುವವರು ಯಾರೂ ಇರಲಿಲ್ಲ. ನಾನು ಹಗೇವು ತೆರೆದೆ. ತೆರೆಯುವ ಅಧಿಕಾರ ನನಗಿತ್ತು, ದೇವರ ದಯೆ.

ದೊಡ್ಡವ್ವ ಈಗ ದೀಪ ಹಚ್ಚಲು ಒಪ್ಪಿಗೆ ಕೊಟ್ಟರು. ತಡವಾಗಿ ದೀಪ ಹಚ್ಚಿಸಿದ್ದರಿಂದಲೇ ಲಗ್ನ ಉಳಿಯಿತು ಎಂಬುದರಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ. ನಾನು ತಿದ್ದಲು ಹೋಗಲಿಲ್ಲ. ಲಭ್ಯವಿದ್ದ ಎರಡು ವಿವರಣೆಗಳಲ್ಲಿ ನನ್ನ ಮರ್ಯಾದೆಗೆ ಅದೇ ವಾಸಿಯಾಗಿತ್ತು.

ಮೂರನೇ ಸಲ ಅರಿಶಿಣವಾಯಿತು. ಈಗ ಎಲ್ಲರಿಗೂ ಬಾಯಿಪಾಠವಾಗಿದ್ದರಿಂದ ಯಾರು ಯಾವಾಗ ಕೆನ್ನೆಗೆ ಹಚ್ಚುತ್ತಾರೆ ಎಂದು ಮೊದಲೇ ಹೇಳಿ ನಗುತ್ತಿದ್ದರು. ವರ ಬಾಗಿಲಲ್ಲಿ ಎತ್ತಿದ ಕಾಲನ್ನು ಈ ಸಲವೂ ಕೆಳಗಿಟ್ಟ. ಪಡಸಾಲೆಯಲ್ಲಿ ಚಪ್ಪಾಳೆ ಬಿತ್ತು. ಅಂತರಪಟ ಹಿಡಿದರು. ಗೋಡೆ ಗಡಿಯಾರ ಹೊಡೆಯಿತು. ಟಿವಿ ಕಪ್ಪಾಗಲಿಲ್ಲ. ಅಂತರಪಟ ಇಳಿಯಿತು.

ದೊಡ್ಡವ್ವ ಮಧ್ಯಾಹ್ನದಿಂದ ಬಿಗಿದಿದ್ದ ಮುಷ್ಟಿ ಬಿಚ್ಚಿದರು. ಬೆವರಿಗೆ ಕಾಳು ಅಂಗೈಗೆ ಅಂಟಿದ್ದವು. ವಿದ್ಯಾ ಒಂದೊಂದೇ ಬಿಡಿಸಿ ಅಜ್ಜಿಯ ಬೆರಳಿಗೆ ಕೊಟ್ಟಳು. ದೊಡ್ಡವ್ವ ಅರ್ಧವನ್ನು ಟಿವಿಯ ಮೇಲೆ ಹಾಕಿದರು. ಇನ್ನರ್ಧವನ್ನು ಪಕ್ಕದಲ್ಲೇ ಕೂತಿದ್ದ ಮೊಮ್ಮಗಳ ತಲೆಯ ಮೇಲೆ ಹಾಕಿ, ಆ ಕೈಯನ್ನು ಅಲ್ಲೇ ಇಟ್ಟುಕೊಂಡು ಉಳಿದದ್ದನ್ನು ನೋಡಿದರು. ಟಿವಿಗೆ ಬಿದ್ದ ಕಾಳಿನಲ್ಲಿ ಹೆಚ್ಚಿನವು ಸಿಡಿದು ನನ್ನ ಲ್ಯಾಪ್‌ಟಾಪಿನ ಮೇಲೆ ಬಂದವು. ಕೀಬೋರ್ಡಿನ ಸಂದಿಯಿಂದ ಇವತ್ತಿಗೂ ಆಗಾಗ ಒಂದೊಂದು ಹೊರಬರುತ್ತದೆ.

ಊಟಕ್ಕೆ ಕೂತಾಗ ಅತ್ತೆ ಅಕ್ಕನ ಮುಂದೆ ವಿಚಾರ ಎತ್ತಿದರು. ಎತ್ತಿಗೆ ಸೋಮವಾರ ರಜೆ ಕೇಳಿದ್ದು ತಾವೇ, ಹಾಗಾಗಿ ತಪ್ಪು ತಮ್ಮದೂ ಹೌದು ಎಂದರು. ದೊಡ್ಡವ್ವ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ ತೀರ್ಪು ಕೊಟ್ಟರು.

"ದಣಿಯೂದಕ್ಕ ರಜಾ ಕೊಡಬೇಕವ್ವಾ. ಆ ಪೆಟಗಿ ಏನು ದಣಿತೈತಿ? ಸೋಮಾರ ಅದು ದುಡೀಲಿ. ನಿನ್ನ ಅಳಿಯಂದ್ರನ್ನ ಹೂಡಬ್ಯಾಡ್ರಿ."

ತೀರ್ಪು ಅಂದೇ ಜಾರಿಗೆ ಬಂತು. ಈಗ ಮಲ್ಲು ಪ್ರತಿ ಮದುವೆಯ ಎರಡನೇ ಪ್ರತಿಯನ್ನು ಬೇರೆ ಕಡೆ ಇಡುತ್ತಾನೆ. ಕಸಬರಿಗೆಯನ್ನು ಅವನೇ ತೆಗೆದುಹಾಕಿದ. ನನಗೆ ಆ ಅಧಿಕಾರವಿರಲಿಲ್ಲ. ನನ್ನ ಪ್ರಯೋಗಗಳನ್ನು ಮಾತ್ರ ಅವನು ಬೇಕೆಂದೇ ಉಳಿಸಿದ್ದಾನೆ. ಸ್ಟುಡಿಯೊಗೆ ಬಂದ ಗಿರಾಕಿಗಳಿಗೆ ತೋರಿಸಿ ನಗಿಸುತ್ತಾನಂತೆ. ಯಂತ್ರದ ಉತ್ತರಗಳು ಈಗ ಗಿರಿಜಾಳ ಫೋನಿಗೆ ಬರುತ್ತವೆ. ಅವಳು ಒಂದೊಂದನ್ನೂ ಓದುತ್ತಾಳೆ.

ಸೋಮವಾರ ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. ಈ ರಜೆಯನ್ನು ಮಂಗಳವಾರಕ್ಕೂ ವಿಸ್ತರಿಸುವ ಕುರಿತು ಮನೆಯಲ್ಲಿ ಮಾತುಕತೆ ನಡೆದಿದೆ ಎಂದು ಅಡುಗೆಮನೆಯ ಬಲ್ಲ ಮೂಲಗಳು ತಿಳಿಸಿವೆ.